ಮನೆಗೊಬ್ಬರು

ಒತೀಲಿಯಾಳ ಎದೆಯೊಳಗೆ ಬೂಷ್ಟು ಬೆಳೆದಿದೆ ಎಂದು ಕಂಡುಹಿಡಿಯಲು ಡಾಕ್ಟರುಗಳಿಗೆ ಒಂದು ತಿಂಗಳು ಬೇಕಾಯಿತು. ಅದು ಅವಳದೇ ತಪ್ಪು ಎಂದು ಕಂಡುಹಿಡಿಯಲು ಒಂದು ನಿಮಿಷ ಸಾಕಾಯಿತು.

ಮೊದಲು ಹತ್ತಿರದ ಸಣ್ಣ ದವಾಖಾನೆಯವನು ನೆಗಡಿ ಎಂದ. ಆಮೇಲೆ ಕಫ ಎಂದ. ಮಾತ್ರೆ ಕೊಟ್ಟ. ಬಿಸಿನೀರು ಕುಡಿ ಎಂದ. ಬೆನ್ನಿಗೆ ಕೊಳವೆ ಇಟ್ಟು ಕೇಳಿಸಿಕೊಳ್ಳುವಾಗಲೂ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ತೋಟದ ಆಳುಗಳೆಂದರೆ ಕೆಮ್ಮುವವರೇ ಅಲ್ಲವೇ.

ಈ ಕಣಿವೆಯ ನೆಲದಲ್ಲಿ ಬೂಷ್ಟಿದೆ. ಮಣ್ಣು ಒಣಗಿದಾಗ ಅದು ಧೂಳಿನ ಜೊತೆ ಎದ್ದು ಮೂಗಿಗೆ ಹೋಗುತ್ತದೆ, ಪುಪ್ಪುಸದಲ್ಲಿ ಕೂರುತ್ತದೆ. ಅದಕ್ಕೆ ಕಣಿವೆ ಜ್ವರವೆಂದೇ ಹೆಸರು. ಇಲ್ಲಿನ ನಾಯಿಗಳೂ ಅದರಿಂದ ಸಾಯುತ್ತವೆ. ಗಟ್ಟಿಮುಟ್ಟಾದವರಿಗೆ ಬಂದು ಹೋಗುತ್ತದೆ. ಒತೀಲಿಯಾಳಂಥವರಿಗೆ ಬಂದರೆ ಹೋಗುವುದಿಲ್ಲ. ಅವಳ ಹೊಟ್ಟೆಯಲ್ಲಿರುವುದು ತಂಗಿಯ ಮೂತ್ರಪಿಂಡ. ಪರರದ್ದು ಎಂದು ಮೈ ಅದನ್ನು ಕೊಲ್ಲಬಾರದು, ಅದಕ್ಕಾಗಿ ಮೂರು ವರ್ಷದಿಂದ ಮೈಯ ಕಾವಲುಗಾರರಿಗೆ ದಿನಕ್ಕೆರಡು ಹೊತ್ತು ಮಾತ್ರೆ ಹಾಕಿ ಮಲಗಿಸಿಟ್ಟಿದ್ದಾರೆ. ಕಾವಲಿಲ್ಲದ ಮನೆಗೆ ಬೂಷ್ಟು ನುಗ್ಗಿತು.

ರಾತ್ರಿ ಬೆವರಿ ಹಾಸಿಗೆ ತೊಯ್ದುಹೋಗತೊಡಗಿದಾಗ, ಮಂಡಿ ಊದಿ ಮೆಟ್ಟಿಲು ಹತ್ತಲಾಗದಿದ್ದಾಗ, ತಂಗಿ ನತಿವಿದಾದ್ ಅವಳನ್ನು ಕಾರಿಗೆ ಹಾಕಿಕೊಂಡು ಕಿಡ್ನಿ ಹಾಕಿದ ದೊಡ್ಡಾಸ್ಪತ್ರೆಗೇ ಬಂದಳು. ಅಲ್ಲಿ ಕಫ ತೆಗೆದು ನೋಡಿದರು. ರಕ್ತ ತೆಗೆದು ನೋಡಿದರು. ಮಲಗಿಸಿ ನರಕ್ಕೆ ಮದ್ದು ಬಿಟ್ಟರು. ಮದ್ದು ಒಳಗೆ ಹೋಗುವಾಗ ಹಲ್ಲು ಕಟಕಟ ಎನ್ನುವಂಥ ಚಳಿ. ಬೂಷ್ಟು ಕೊಲ್ಲುವ ಆ ಮದ್ದೇ ಕಿಡ್ನಿಗೆ ವಿಷ ಎಂದು ಆಮೇಲೆ ಹೇಳಿದರು.

ಬಿಡುಗಡೆಯಾದ ಮೇಲೆ ಒಂದು ದಿನ ಕರೆಸಿ ಎದುರಿಗೆ ಕೂರಿಸಿಕೊಂಡರು. ಡಾಕ್ಟರ್ ವಿಟ್‌ಕಾಂಬ್ ಇನ್ನೂ ಹುಡುಗುಮುಖದವನು, ಒಳ್ಳೆಯ ಬೂಟು. ಪಕ್ಕದಲ್ಲಿ ಮಿಸ್ ಪೇಜ್, ರೋಗಿಗಳ ಕಷ್ಟಸುಖ ವಿಚಾರಿಸುವುದಕ್ಕೆಂದೇ ನೇಮಿಸಿದ ಹೆಂಗಸು. ಇಂಗ್ಲಿಷನ್ನು ಸ್ಪ್ಯಾನಿಷಿಗೆ ತಿರುಗಿಸುವವನು ಮೂಲೆಯಲ್ಲಿದ್ದ. ಒತೀಲಿಯಾಳ ಮನೆಮಾತು ಸ್ಪ್ಯಾನಿಷ್ ಅಲ್ಲ, ಮಿಶ್ತೆಕ್. ಅದನ್ನು ಯಾರೂ ಕೇಳಲಿಲ್ಲ.

"ಬೂಷ್ಟು ಹೋಗಬೇಕಂದ್ರೆ ನಿಮ್ಮ ಮೈಗೆ ಸ್ವಲ್ಪ ಶಕ್ತಿ ಬರಬೇಕು," ಎಂದ ಡಾಕ್ಟರು. "ಅದಕ್ಕೇ ಕಿಡ್ನಿ ಕಾಯೋ ಮಾತ್ರೆ ಕಮ್ಮಿ ಮಾಡಿದೀವಿ. ಆದ್ರೆ ಮೈಗೆ ಶಕ್ತಿ ಬಂದ್ರೆ ಅದು ಕಿಡ್ನಿ ಮೇಲೂ ಬೀಳುತ್ತೆ. ಈಗಾಗ್ಲೇ ರಕ್ತದಲ್ಲಿ ಕಲ್ಮಶ ಏರ್ತಿದೆ."

"ಕಿಡ್ನಿ ಹೋದ್ರೆ?" ಜೊತೆಗೆ ಬಂದಿದ್ದ ತಂಗಿ ನತಿ ಕೇಳಿದಳು. ಅವಳಿಗೆ ಇಂಗ್ಲಿಷು ಬರುತ್ತಿತ್ತು.

"ಇನ್ನೊಂದು ಬೇಕಾಗುತ್ತೆ. ಕೊಡೋದೋ ಬೇಡ್ವೋ ಅಂತ ಆಸ್ಪತ್ರೆ ಸಮಿತಿ ತೀರ್ಮಾನ ಮಾಡುತ್ತೆ."

ಮಿಸ್ ಪೇಜ್ ಮುಂದಕ್ಕೆ ಬಾಗಿದಳು. ದನಿಯಲ್ಲಿ ಜೇನು. "ಒತೀಲಿಯಾ, ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ. ನಿಜ ಹೇಳು. ಧೂಳಿಗೆ ಹೋಗಬೇಡ ಅಂದಿದ್ವಿ. ಹೋಗಿದ್ಯಾ? ಗಿಡ ನೆಟ್ಯಾ, ಮಣ್ಣು ಅಗೆದ್ಯಾ?"

"ಗುಡಿಸ್ದೆ," ಎಂದಳು ಒತೀಲಿಯಾ.

"ಎಲ್ಲಿ?"

"ಲೈನ್‌ಮನೆ ಮುಂದಿನ ರಸ್ತೆ. ಮೇಸ್ತ್ರಿ ತೆಕಿಯೊಗೆ ಕರೆದಿದ್ದ. ಮನೆಗೊಬ್ಬರು ಬರಬೇಕಿತ್ತು."

ಮೂಲೆಯವನು ಆ ಮಾತಿನ ಮೇಲೆ ಎಡವಿದ. ಊರವರೆಲ್ಲ ಸೇರಿ ಮಾಡುವ ಏನೋ ಕೆಲಸ ಎಂದ. ಕೂಲಿ ಇಲ್ಲ ಎಂದ. ಮಿಸ್ ಪೇಜಳ ಮುಖ ಅರಳಿತು.

"ಅಂದ್ರೆ ಸಮಾಜಸೇವೆ! ಎಷ್ಟು ಚೆಂದ. ಆದ್ರೆ ನೋಡು, ಸೇವೆ ಮಾಡೋರು ಮೊದಲು ತಮ್ಮ ಆರೋಗ್ಯ ನೋಡ್ಕೋಬೇಕು, ಅಲ್ವಾ?"

"ಸೇವೆ ಅಲ್ಲ. ಹೋಗ್ಲೇಬೇಕು."

"ಯಾರಾದ್ರೂ ಬಲವಂತ ಮಾಡಿದ್ರಾ? ಕೆಲಸ ಅಂತ ತೋಟದ ಕಂಪನಿ ಹೇಳ್ತಾ? ಹಾಗಿದ್ರೆ ಅವರಿಂದ ಒಂದು ಮಾತು ಹೇಳಿಸು. ಆವಾಗ ಇದು ಕೆಲಸದಿಂದ ಬಂದ ಕಾಯಿಲೆ ಅಂತ ಬರೀತೀವಿ, ನಿನ್ನ ತಪ್ಪು ಅಂತ ಬರೆಯಲ್ಲ. ಇಲ್ಲಾಂದ್ರೆ..." ಅವಳು ಕೈ ಬಿಡಿಸಿ ತೋರಿಸಿದಳು. "ಮಾತು ಕೇಳದ ರೋಗಿಗೆ ಎರಡನೇ ಕಿಡ್ನಿ ಕೊಡೋದು ಸಮಿತಿಗೆ ಕಷ್ಟ."

ಮಾತು ಕೇಳದ ರೋಗಿ. ಮೂರು ವರ್ಷ ಒಂದು ಹೊತ್ತಿನ ಮಾತ್ರೆ ತಪ್ಪಿಸದವಳು. ಹಸಿ ಚೀಸು ಬಿಟ್ಟವಳು, ಬೀದಿಯ ಊಟ ಬಿಟ್ಟವಳು, ತಮ್ಮನ ಮಗುವಿಗೆ ಮೈಮೇಲೆ ಗುಳ್ಳೆ ಎದ್ದಾಗ ಎತ್ತಿಕೊಳ್ಳದೆ ಬಾಗಿಲಾಚೆ ನಿಂತು ನೋಡಿದವಳು.

ಅವತ್ತು ಆದದ್ದು ಇಷ್ಟು. ಹೇವರ್‌ಕ್ಯಾಂಪ್ ಧಣಿಯ ಬಾದಾಮಿ ತೋಟಕ್ಕೆ ಹೊರದೇಶದ ಗಿರಾಕಿಗಳು ಬರುವವರಿದ್ದರು. ಈಗಿನ ಗಿರಾಕಿಗಳಿಗೆ ಬಾದಾಮಿಯಷ್ಟೇ ಸಾಲದು, ಆಳುಗಳ ಮನೆ ಚೊಕ್ಕಟವಾಗಿದೆಯೇ ಎಂದೂ ನೋಡಬೇಕು. ನೋಡಿ, ಫೋಟೋ ತೆಗೆದು, ಮನಸ್ಸು ಹಗುರ ಮಾಡಿಕೊಂಡು ಹೋಗಬೇಕು. ಲೈನ್‌ಮನೆ ತೋಟದ ಅಂಚಿಗೇ ಇದೆ. ಕೊಯ್ಲಿನ ಕಾಲದಲ್ಲಿ ಯಂತ್ರ ಬಂದು ಮರ ಅಲುಗಿಸುತ್ತದೆ, ಕಾಯಿ ನೆಲಕ್ಕುದುರಿ ಒಣಗುತ್ತದೆ, ಇನ್ನೊಂದು ಯಂತ್ರ ಬಂದು ಗಾಳಿ ಊದಿ ಕಾಯಿಯನ್ನು ಸಾಲುಮಾಡುತ್ತದೆ. ಆ ಗಾಳಿಗೆ ಏಳುವ ಮಣ್ಣೆಲ್ಲ ಲೈನ್‌ಮನೆಯ ಮೇಲೆ ಬಂದು ಕೂರುತ್ತದೆ. ತಟ್ಟೆಯ ಮೇಲೆ, ರೊಟ್ಟಿಯ ಮೇಲೆ, ಮಲಗಿದವರ ರೆಪ್ಪೆಯ ಮೇಲೆ. ಅದನ್ನು ಗುಡಿಸಬೇಕಿತ್ತು. ಕೂಲಿ ಕೊಟ್ಟು ಗುಡಿಸಿಸುವ ಮನಸ್ಸು ಧಣಿಗಿರಲಿಲ್ಲ.

ಮೇಸ್ತ್ರಿ ರುತಿಲಿಯೊಗೆ ಉಪಾಯ ಗೊತ್ತಿತ್ತು. ಅವನೂ ಇವರದೇ ಗುಡ್ಡಗಾಡಿನವನು, ಗಡಿಯಾಚೆಯ ಓಹಾಕಾ ಸೀಮೆಯಲ್ಲಿ ಇವರ ಪಕ್ಕದೂರಿನವನು. ಶನಿವಾರ ಸಂಜೆ ಬಾಗಿಲು ಬಾಗಿಲು ತಟ್ಟಿದ.

"ನಾಳೆ ತೆಕಿಯೊ. ಮನೆಗೊಬ್ಬರು. ಊರು ಬಿಟ್ರೂ ಊರ ನಡತೆ ಬಿಡಬಾರ್ದು, ಏನು?"

ತೆಕಿಯೊ ಎಂದರೆ ಆ ಜನಕ್ಕೆ ಮಾತು ಮುಗಿಯಿತು. ಊರಲ್ಲಿ ರಸ್ತೆ ಆದದ್ದು ತೆಕಿಯೊದಿಂದ. ಶಾಲೆಗೆ ಕಲ್ಲು ಹೊತ್ತದ್ದು, ಬೆಟ್ಟದಿಂದ ನೀರಿನ ಕೊಳವೆ ಎಳೆದದ್ದು ತೆಕಿಯೊದಿಂದ. ಕೂಲಿ ಇಲ್ಲ, ನೆಪ ಇಲ್ಲ. ತೆಕಿಯೊಗೆ ಬರದವನ ಹೆಣಕ್ಕೆ ಹೆಗಲಿಲ್ಲ ಎನ್ನುತ್ತಾರೆ. ಡಾಕ್ಟರಿಗೆ ಇಲ್ಲ ಎನ್ನಬಹುದು, ಪಾದ್ರಿಗೆ ಇಲ್ಲ ಎನ್ನಬಹುದು. ತೆಕಿಯೊಗೆ ಇಲ್ಲ ಎನ್ನಲು ಒತೀಲಿಯಾಳಿಗೆ ನಾಲಗೆ ಬರಲಿಲ್ಲ.

ನತಿ ಭಾನುವಾರವೂ ತೋಟದಲ್ಲಿದ್ದಳು, ಯಂತ್ರಕ್ಕೆ ಸಿಗದ ಕಾಯಿಗಳನ್ನು ಮರದ ಬುಡದಿಂದ ಎಳೆಯುತ್ತ. ಮನೆಯಲ್ಲಿ ಉಳಿದವಳು ಒತೀಲಿಯಾ ಒಬ್ಬಳೇ. ಆಸ್ಪತ್ರೆಯ ಮಾಸ್ಕು ಕಟ್ಟಿಕೊಂಡು ಹೋದಳು.

"ನೀನು ಸುಮ್ನೆ ನಿಂತ್ಕೊ ಸಾಕು," ಎಂದ ರುತಿಲಿಯೊ. "ಜನ ಮಾತಾಡ್ಬಾರ್ದಷ್ಟೆ." ಹೇಳಿ ಪೊರಕೆ ಕೈಗಿಟ್ಟ.

"ನೀರು ಚಿಮುಕಿಸಿ ಗುಡಿಸೋಣ್ವಾ ಅಣ್ಣಾ? ಧೂಳು ಏಳಲ್ಲ."

"ನೀರು ಮರಕ್ಕೆ. ಮಣ್ಣಿಗಲ್ಲ."

ಎಲ್ಲರೂ ಬಗ್ಗಿ ಗುಡಿಸುವಾಗ ಒಬ್ಬಳೇ ನಿಲ್ಲುವುದಕ್ಕೂ ಒಂದು ಮುಖ ಬೇಕು. ಅವಳು ಬಗ್ಗಿದಳು. ಒಣಮಣ್ಣು ಹಿಟ್ಟಿನಂತೆ ಎದ್ದಿತು. ಮಾಸ್ಕು ಬೆವರಿಗೆ ಒದ್ದೆಯಾಗಿ ಮೂಗಿಗೆ ಅಂಟಿತು. ಉಸಿರು ಕಟ್ಟಿ ಕೆಳಗೆಳೆದುಕೊಂಡಳು. ಮಧ್ಯಾಹ್ನದ ತನಕ ಗುಡಿಸಿದಳು. ಗಿರಾಕಿಗಳು ಬಂದರು. ಚೊಕ್ಕಟ ರಸ್ತೆಯ ಮೇಲೆ ನಡೆದರು. ಹೂವಿನ ಕುಂಡದ ಫೋಟೋ ತೆಗೆದರು. ಹೋದರು.

ಆಸ್ಪತ್ರೆಯಿಂದ ನತಿಯೇ ಕಾರು ಓಡಿಸಿಕೊಂಡು ಬಂದಳು. ಮನೆಗೆ ಬಂದು ಬೀನ್ಸ್ ಕಾಳು ಬಿಸಿಗಿಟ್ಟು, ಬೆನ್ನು ತಿರುಗಿಸಿಯೇ ಕೇಳಿದಳು.

"ಯಾರ ಕಿಡ್ನಿ ಇಟ್ಕೊಂಡು ಗುಡಿಸ್ದೆ?"

"ನಿಂದು."

"ನಂದು ಅಂತ ಗೊತ್ತಿತ್ತಾ ಆವಾಗ?"

"ಗೊತ್ತಿತ್ತು ನತಿ."

"ನಾನು ನಿಂಗೆ ಕೊಟ್ಟಿದ್ದು. ರುತಿಲಿಯೊಗಲ್ಲ." ಚಮಚ ಬೀಸಿ ತೊಟ್ಟಿಗೆಸೆದಳು. "ಹೊಟ್ಟೆ ಕುಯ್ಸ್ಕೊಂಡು ಆರು ವಾರಕ್ಕೆ ಕುಂಟೆ ಹಿಡ್ಕೊಂಡು ತೋಟಕ್ಕೆ ಹೋದಾಗ ಅವನೇನಂದ ಗೊತ್ತಾ? 'ಒಂದು ಕಮ್ಮಿ ಆದ್ರೆ ಹಗುರ ಅಲ್ವಾ, ಬೇಗ ಬೇಗ ಎಳಿ' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಥವನ ರಸ್ತೆ ಗುಡಿಸೋಕೆ ಹೋಗಿದ್ಯಲ್ಲೇ ಅಕ್ಕಾ!"

ಒತೀಲಿಯಾ ಅಳಲಿಲ್ಲ. ಅತ್ತರೆ ಕೆಮ್ಮು ಬರುತ್ತಿತ್ತು.

"ಉಣ್ಣು," ಎಂದು ನತಿ ತಟ್ಟೆ ಅವಳ ಕಡೆ ನೂಕಿದಳು. "ಮಾತ್ರೆ ನುಂಗ್ಬೇಕು."

ಮಾರನೆಯ ಸಂಜೆ ಒತೀಲಿಯಾ ರುತಿಲಿಯೊನ ಮನೆಗೆ ಹೋದಳು. ಅವನು ತನ್ನ ಹೊಸ ಟ್ರಕ್ಕಿಗೆ ಪೈಪು ಹಿಡಿದು ನೀರು ಬಿಡುತ್ತಿದ್ದ. ನೊರೆ ಹರಿದು ಅವಳ ಚಪ್ಪಲಿ ನೆನೆಯಿತು.

"ಮೇಸ್ತ್ರೀ, ಒಂದು ಮಾತು. ಅವತ್ತು ಗುಡಿಸಿದ್ದು ಕಂಪನಿ ಕೆಲಸ ಅಂತ ಆಸ್ಪತ್ರೆಯವರಿಗೆ ಹೇಳ್ಬೇಕು ನೀವು."

"ನಾನು ಆಜ್ಞೆ ಮಾಡಿದ್ನಾ? ಕರೆದೆ. ನೀನು ಬಂದೆ."

"ಬರದೆ ಇದ್ದಿದ್ರೆ?"

"ಬರದೆ ಇದ್ದಿದ್ರೆ ಬರ್ಲಿಲ್ಲ. ಮುಂದಿನ ವರ್ಷ ಮನೆ ಯಾರಿಗೆ ಕೊಡೋದು ಅನ್ನೋವಾಗ ನೆನಪಾಗ್ತಿತ್ತು, ಅಷ್ಟೆ." ನಕ್ಕ. "ನೋಡು ಒತೀ, ಕೆಲಸ ಅಂದ್ರೆ ಧಣಿ ತಲೆಗೆ ಬರುತ್ತೆ. ತೆಕಿಯೊ ಅಂದ್ರೆ ಯಾರ ತಲೆಗೂ ಇಲ್ಲ. ಎಲ್ಲರಿಗೂ ಕ್ಷೇಮ."

"ನನ್ನ ಎದೆಗೆ ಬಂತಲ್ಲ."

"ಎದೆ ಗಟ್ಟಿ ಇಲ್ದೋರು ಮನೇಲಿರ್ಬೇಕು. ಡಾಕ್ಟ್ರು ಹೇಳಿದ್ರಲ್ಲ?" ಪೈಪು ಚಕ್ರದ ಕಡೆ ತಿರುಗಿಸಿದ. ಮಾತು ಮುಗಿದಿತ್ತು.

ಅವಳು ಅಲ್ಲಿಂದ ನಸಾರಿಯೊ ತಾತನ ಬಾಗಿಲಿಗೆ ಹೋದಳು. ತಾತ ಊರಲ್ಲಿ ಒಂದು ಕಾಲಕ್ಕೆ ಪಂಚಾಯಿತಿಯ ಮುಖ್ಯಸ್ಥನಾಗಿದ್ದವನು. ಲೈನ್‌ಮನೆಯವರು ಮದುವೆಗೂ ಸಾವಿಗೂ ಅವನನ್ನೇ ಮೊದಲು ಕೂರಿಸುತ್ತಾರೆ. ಮೆಟ್ಟಿಲ ಮೇಲೆ ಕೂತು ಮುಸುಕಿನ ಜೋಳ ಬಿಡಿಸುತ್ತಿದ್ದ.

"ತಾತ, ತೆಕಿಯೊ ಕರಿಯೋದು ಯಾರು?"

"ಸಭೆ. ಇನ್ಯಾರು?"

"ನಮ್ಮ ಸಭೆ ಯಾವತ್ತು ಕೂತಿತ್ತು?"

ತಾತ ತೆನೆ ತಿರುಗಿಸಿದ.

"ನೀವು ಮುಖ್ಯಸ್ಥ ಆಗಿದ್ದಾಗ ತೆಕಿಯೊಗೆ ನಿಮ್ಮ ಮನೆಯಿಂದ ಯಾರು ಹೋಗ್ತಿದ್ರು?"

"ನಾನೇ. ಮೊದಲ ಕಲ್ಲು ನಾನೇ ಹೊರ್ಬೇಕು. ದೊಡ್ಡ ಮನೆ ಚಿಕ್ಕ ಮನೆ ಅಂತಿಲ್ಲ ಅಲ್ಲಿ."

"ಹಾಗಾದ್ರೆ ಅವತ್ತು ನೀವೂ ಗುಡಿಸಿದ್ರಲ್ಲ. ಯಾಕ್ ಸುಮ್ನಿದ್ರಿ?"

"ಮನೆ ಅವನ ಕೈಲಿದೆ ಮಗಳೇ," ಎಂದ ತಾತ. ಎಂಬತ್ತರ ಮುದುಕ ಅವಳ ಮುಖ ನೋಡದೆ ಹೇಳಿದ. "ನಂಗೆ ನಾಚಿಕೆ ಆಯ್ತು. ಆದ್ರೂ ಗುಡಿಸ್ದೆ."

ಎರಡು ವಾರ ಕಳೆದು ರುತಿಲಿಯೊ ಮತ್ತೆ ಬಾಗಿಲು ತಟ್ಟಿದ. ಬೇರೆ ಗಿರಾಕಿಗಳು ಬರುವವರಿದ್ದರು. ಒತೀಲಿಯಾಳ ಬಾಗಿಲನ್ನೂ ತಟ್ಟಿದ. ಅಷ್ಟು ನಾಚಿಕೆಗೆಟ್ಟವನು.

"ನಾಳೆ ತೆಕಿಯೊ. ನತಿನ ಕಳ್ಸು. ಅವಳಿಗೆ ರಜಾ ಕೊಟ್ಟಿದೀನಿ," ಎಂದ, ದಾನ ಮಾಡಿದವನ ಹಾಗೆ.

ನತಿ ಹೋದಳು. ಹಿಂದೆಯೇ ಒತೀಲಿಯಾ ಹೋದಳು. ಈ ಸಲ ದಪ್ಪ ಮಾಸ್ಕು. ಹದಿನಾಲ್ಕು ಮನೆಯವರು ಪೊರಕೆ ಹಿಡಿದು ನಿಂತಿದ್ದರು. ಪೊರಕೆ ಇನ್ನೂ ನೆಲ ಮುಟ್ಟಿರಲಿಲ್ಲ. ಒತೀಲಿಯಾಳಿಗೆ ಮಾತು ಜೋರಾಗಿ ಬರುವುದಿಲ್ಲ, ಉಸಿರು ಸಾಲುವುದಿಲ್ಲ. ಒಂದೊಂದೇ ಮಾತು ಹೇಳಿದಳು. ಮನೆಮಾತಿನಲ್ಲಿ ಹೇಳಿದಳು.

"ಮೇಸ್ತ್ರಿ, ಮನೆಗೊಬ್ಬರು ಅಂದ್ರಿ."

"ಹೌದು."

"ಎಲ್ಲಾ ಮನೇನೂ?"

"ತೆಕಿಯೊ ಅಂದ್ರೆ ಎಲ್ಲಾ ಮನೇನೂ. ನೀನೇನು ಬೇರೆ ದೇಶದೋಳಾ?"

"ಹಾಗಾದ್ರೆ ಆ ಮನೆಯವರು ಎಲ್ಲಿ?" ತೋಟದಾಚೆಯ ದೊಡ್ಡ ಬಿಳಿ ಮನೆಯತ್ತ ಕೈ ತೋರಿಸಿದಳು. "ರಸ್ತೆ ಅವರದೇ. ಅವರ ಮನೆಯಿಂದ ಒಬ್ಬರು ಬರ್ಲಿ. ಬಂದ ಮೇಲೆ ಶುರು ಮಾಡೋಣ."

ಯಾರೋ ಹೆಂಗಸು ಕಿಸಕ್ಕೆಂದಳು. ಇನ್ನೊಬ್ಬಳು, "ಧಣಿ ಹೆಂಡ್ತೀನೇ ಬರ್ಲಿ, ಉಗುರಿಗೆ ಬಣ್ಣ ಹಚ್ಕೊಂಡು," ಎಂದಳು. ನಗು ಸಾಲಿನ ತುದಿಯವರೆಗೂ ಹರಿಯಿತು.

"ಹುಚ್ಚು ಹಿಡಿದಿದ್ಯಾ?" ರುತಿಲಿಯೊ ಮುಖ ಕೆಂಪಾಯಿತು. "ಅವರು ನಮ್ಮ ಊರಿನೋರಾ?"

"ಅಲ್ವಲ್ಲ. ಹಾಗಾದ್ರೆ ಅವರ ರಸ್ತೆ ಗುಡಿಸೋದು ನಮ್ಮ ತೆಕಿಯೊ ಹೇಗಾಗುತ್ತೆ? ಕೆಲಸ ಅಂತ ಒಪ್ಕೊಳ್ಳಿ, ಇಲ್ಲಾ ಧಣಿನ ಕರೀರಿ. ಎರಡರಲ್ಲಿ ಒಂದು."

ರುತಿಲಿಯೊ ತಾತನ ಕಡೆ ತಿರುಗಿದ. "ತಾತ, ಇವಳಿಗೆ ಬುದ್ಧಿ ಹೇಳಿ. ನೀವು ಶುರು ಮಾಡಿ."

ನಸಾರಿಯೊ ತಾತ ಪೊರಕೆಯನ್ನು ಗೋಡೆಗೊರಗಿಸಿದ. ಮೆಟ್ಟಿಲ ಮೇಲೆ ಕೂತ. "ಕಾಯ್ತೀನಪ್ಪ," ಎಂದ. "ನಮ್ಮ ಕಾಲದಲ್ಲಿ ದೊಡ್ಡ ಮನೆಯವರೇ ಮೊದಲು ಬರ್ತಿದ್ರು. ಇವರಿಗೆ ಎದ್ದೇಳೋದು ತಡವೇನೋ."

ಒಂದೊಂದೇ ಪೊರಕೆ ಗೋಡೆಗೆ ಹೋಯಿತು. ಎಲ್ಲರೂ ಕೂತರು. ಯಾರೋ ಕಾಫಿ ತಂದರು. ರುತಿಲಿಯೊ ಆ ಕಡೆಯಿಂದ ಈ ಕಡೆಗೆ ತಿರುಗಾಡಿದ. ಮನೆ ಖಾಲಿ ಮಾಡಿಸ್ತೀನಿ ಎಂದ. ಹೊಟ್ಟೆಗೆ ಮಣ್ಣು ತಿನ್ನಿಸ್ತೀನಿ ಎಂದ. "ಅದು ದಿನಾ ತಿಂತಾ ಇದೀವಿ," ಎಂದಳು ನತಿ.

ಬಿಳಿ ಕಾರು ಬಂತು. ಹೇವರ್‌ಕ್ಯಾಂಪ್ ಇಳಿದ, ಹಿಂದೆ ಮೂವರು ಗಿರಾಕಿಗಳು ತೆಳು ಬೂಟಿನವರು. ಕಾರು ನಿಂತ ಮೇಲೂ ಧೂಳು ನಿಲ್ಲಲಿಲ್ಲ. ಗಿರಾಕಿಗಳು ಮೂಗು ಮುಚ್ಚಿಕೊಂಡರು. ಗುಡಿಸದ ರಸ್ತೆ, ಕೂತಿರುವ ಜನ, ಗೋಡೆಗೆ ಸಾಲಾಗಿ ಒರಗಿದ ಪೊರಕೆ. ಧಣಿ ನಗುಮುಖವನ್ನು ಗಿರಾಕಿಗಳ ಕಡೆ ಬಿಟ್ಟು, ಹಲ್ಲು ಕಚ್ಚಿ ರುತಿಲಿಯೊಗೆ ಇಂಗ್ಲಿಷಿನಲ್ಲಿ ಹೇಳಿದ. ಮೆಲ್ಲಗೇ ಹೇಳಿದ. ಆಳುಗಳಿಗೆ ಇಂಗ್ಲಿಷು ಬಾರದೆಂದು ನಂಬಿದವರು ಮೆಲ್ಲಗೆ ಹೇಳಿದರೂ ಕೇಳುವಂತೆಯೇ ಹೇಳುತ್ತಾರೆ.

ನತಿ ಎದ್ದು ನಿಂತಳು. ಸಾಲುಮನೆಗೆಲ್ಲ ಕೇಳುವಂತೆ ಅದನ್ನು ಮಿಶ್ತೆಕ್ ಮಾಡಿದಳು.

"ಧಣಿ ಏನಂದ್ರು ಗೊತ್ತಾ? 'ನಾನು ಬರೋಷ್ಟರಲ್ಲಿ ಇವರ ಕೈಲಿ ಗುಡಿಸಿಸು ಅಂತ ಹೇಳಿರ್ಲಿಲ್ವಾ? ಹೋದ್ಸಲ ಹೇಳ್ದಾಗ ಮಾಡಿಸಿದ್ಯಲ್ಲ, ಈ ಸಲ ಏನಾಯ್ತು?' ಅಂದ್ರು."

ಯಾರೂ ನಗಲಿಲ್ಲ. ರುತಿಲಿಯೊ ನೆಲ ನೋಡುತ್ತಿದ್ದ. ಇಷ್ಟು ದಿನ ಅವನು ಊರ ಮಾತನ್ನು ಬಾಡಿಗೆಗೆ ಬಿಟ್ಟಿದ್ದ. ಊರ ನಡತೆಯ ಹೆಸರಲ್ಲಿ ಬಿಟ್ಟಿ ಚಾಕರಿ ಮಾಡಿಸಿದ್ದ. ಎಲ್ಲರಿಗೂ ಒಳಗೊಳಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಈಗ ಎಲ್ಲರೂ ಒಟ್ಟಿಗೆ ಕೇಳಿದರು.

"ಕೇಳಿದ್ರಲ್ಲ," ಎಂದಳು ಒತೀಲಿಯಾ. ಕೆಮ್ಮು ಬಂತು. ನಿಲ್ಲುವವರೆಗೆ ಎಲ್ಲರೂ ಕಾದರು. "ಇದನ್ನ ಆಸ್ಪತ್ರೆಯವರೂ ಕೇಳ್ಬೇಕು. ನಾನೊಬ್ಳೇ ಹೇಳಿದ್ರೆ ನಂಬಲ್ಲ."

ನಸಾರಿಯೊ ತಾತ ಮಂಡಿಗೆ ಕೈಯೂರಿ ಎದ್ದ. ಧಣಿಯನ್ನು ನೋಡಲಿಲ್ಲ. ಮೇಸ್ತ್ರಿಯನ್ನೂ ನೋಡಲಿಲ್ಲ. ಕೂತವರನ್ನು ನೋಡಿದ.

"ಸಭೆ ಇಲ್ಲೇ ಇದೆಯಲ್ಲ. ಯಾರಾದ್ರೂ ಬೇಡ ಅಂತೀರಾ?"

ಯಾರೂ ಬೇಡ ಎನ್ನಲಿಲ್ಲ.

"ಹಾಗಾದ್ರೆ ಮಂಗಳವಾರ ತೆಕಿಯೊ. ಮನೆಗೊಬ್ಬರು. ಆಸ್ಪತ್ರೆಗೆ."

ಗಿರಾಕಿಗಳಿಗೆ ಏನೂ ತಿಳಿಯಲಿಲ್ಲ. ಜನ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ರುತಿಲಿಯೊ ಒಬ್ಬನೇ ಪೊರಕೆ ಹಿಡಿದ. ಧಣಿಯ ಕಣ್ಣೆದುರಿಗೆ ಏನಾದರೂ ಮಾಡಬೇಕಲ್ಲ, ಗುಡಿಸತೊಡಗಿದ. ಒಣಮಣ್ಣು ಭುಗ್ಗೆಂದು ಗಿರಾಕಿಗಳ ಅಂಗಿಯ ಮೇಲೆದ್ದಿತು. "ನಿಲ್ಸೋ, ನಿಲ್ಸೋ ಮೂರ್ಖ!" ಎಂದು ಧಣಿ ಮತ್ತೆ ಕಾರು ಹೊಕ್ಕು ಒಳಗಿಂದ ಕೂಗುತ್ತಿದ್ದ.

ಮಂಗಳವಾರ ತೋಟಕ್ಕೆ ಹೋದವರು ಕಡಿಮೆ. ಆ ದಿನದ ಕೂಲಿ ಹೋಯಿತು, ಮುಂದಿನ ದಿನಗಳದ್ದೂ ಹೋಗಬಹುದಿತ್ತು. ಎಲ್ಲರಿಗೂ ಗೊತ್ತಿತ್ತು. ಇದ್ದ ಕಾರುಗಳಲ್ಲಿ ಒತ್ತಿಕೊಂಡು ಬಂದರು. ಆಸ್ಪತ್ರೆಯ ನುಣುಪು ನೆಲದ ಮೇಲೆ ಅವರ ಬೂಟಿನ ಮಣ್ಣು ಉದುರಿತು. ಎದುರು ಕುರ್ಚಿಯ ಬಿಳಿಯ ಹೆಂಗಸು ಕೈಚೀಲ ಹತ್ತಿರಕ್ಕೆಳೆದುಕೊಂಡಳು.

ಮಿಸ್ ಪೇಜ್ ಹೊರಗೆ ಬಂದವಳು ಅಲ್ಲೇ ನಿಂತಳು. "ಇವರೆಲ್ಲ ಯಾರು? ರೋಗಿ ಜೊತೆ ಇಬ್ಬರಿಗೆ ಮಾತ್ರ ಅವಕಾಶ."

"ಮನೆಗೊಬ್ಬರು," ಎಂದಳು ನತಿ ಇಂಗ್ಲಿಷಿನಲ್ಲಿ. "ಅದಕ್ಕಿಂತ ಕಮ್ಮಿ ಆಗಲ್ಲ."

ಬಾಗಿಲು ತೆರೆದೇ ಇತ್ತು. ಒಳಗೆ ಹೋದರು. ಗೋಡೆಯುದ್ದಕ್ಕೂ ನಿಂತರು. ಡಾಕ್ಟರ್ ವಿಟ್‌ಕಾಂಬ್ ಅರ್ಧ ಎದ್ದ. ನಸಾರಿಯೊ ತಾತ ಟೋಪಿ ತೆಗೆದು ಎದೆಗಿಟ್ಟುಕೊಂಡು ಹೇಳಿದ:

"ನಾನು ನಸಾರಿಯೊ. ಮೊದಲನೇ ಮನೆ. ಗುಡಿಸೋಕೆ ಹೇಳಿದ್ದು ಮೇಸ್ತ್ರಿ. ಮೇಸ್ತ್ರಿಗೆ ಹೇಳಿದ್ದು ಧಣಿ. ನೀರು ಹಾಕೋಕೆ ಬಿಡ್ಲಿಲ್ಲ. ಇವಳು ಕೇಳಿದ್ಲು, ನನ್ನ ಕಿವಿಯಾರೆ ಕೇಳ್ದೆ."

ನತಿ ಇಂಗ್ಲಿಷ್ ಮಾಡಿದಳು. ಎರಡನೇ ಮನೆಯ ಹೆಂಗಸು ಮುಂದೆ ಬಂದು ಹೆಸರು ಹೇಳಿ ಅದನ್ನೇ ಹೇಳಿದಳು. ನತಿ ಅದನ್ನೂ ಇಂಗ್ಲಿಷ್ ಮಾಡಿದಳು. ಮೂರನೇ ಮನೆಯವನು ಬಂದ. ನಾಲ್ಕನೆಯವಳು. ಐದನೆಯವಳೂ ಹೆಸರು ಹೇಳಿ ಅದನ್ನೇ ಹೇಳಿದಳು.

ಡಾಕ್ಟರು ಗಡಿಯಾರ ನೋಡಿದ. "ಸರಿ, ಸರಿ. ಅರ್ಥ ಆಯ್ತು. ಕೆಲಸದಿಂದ ಬಂದದ್ದು ಅಂತಲೇ ಬರೀತೀವಿ. ಸಮಿತಿಗೂ ಹೇಳ್ತೀವಿ. ಇಷ್ಟು ಜನ ಯಾಕೆ? ಒಬ್ಬರು ಹೇಳಿದ್ರೆ ಸಾಕಿತ್ತು."

ಒತೀಲಿಯಾ ಮಾಸ್ಕು ಸರಿಮಾಡಿಕೊಂಡಳು. ತಂಗಿಯ ಕಿಡ್ನಿ ಉಳಿಯುತ್ತದೋ ಇಲ್ಲವೋ ಅವನಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅವನ ಕಣ್ಣನ್ನು ನೇರ ನೋಡಿದಳು.

"ಒಬ್ಬಳು ಹೇಳಿದ್ಲು. ಸಾಕಾಗ್ಲಿಲ್ಲ ನಿಮಗೆ," ಎಂದಳು. "ಇನ್ನೂ ಒಂಬತ್ತು ಮನೆ ಇದೆ. ಕೂತ್ಕೊಳ್ಳಿ."